ಗೋಡೆಯಿಂದ ಬಂದ ವೈರು

ಇಂಟರ್ನೆಟ್ ಕಂಪನಿ ಕೊಟ್ಟ ಸಾಫ್ಟ್‌ವೇರ್ ನನ್ನ ಹಳೇ ಕಂಪ್ಯೂಟರಿಗೆ ಒಗ್ಗಲಿಲ್ಲ. ಅದಿಲ್ಲದೆಯೇ, ಬ್ರೌಸರಿನಲ್ಲಿ ಪಾಸ್‌ವರ್ಡ್ ಹಾಕಿ ಜೋಡಿಸೋಣವೆಂದು ಕುಳಿತೆ. ಪಕ್ಕದ ಕೋಣೆಯಿಂದ ಗೋಡೆಯ ತೂತಿನೊಳಗೆ ವೈರು ತಳ್ಳಲು ಅಕ್ಕನಿಗೆ ಹೇಳಿದೆ. ಈಚೆ ತುದಿ ಇಣುಕಿದ್ದೇ ಎಳೆದೆ. ಸಲೀಸಾಗಿ ಬಂತು. ಯಾರೋ ಇಷ್ಟುಹೊತ್ತೂ ಮುಷ್ಟಿಯಲ್ಲಿ ಹಿಡಿದಿದ್ದಂತೆ ಬೆಚ್ಚಗಿತ್ತು.

“ಸಾಕು ಬಿಡಕ್ಕಾ!” ಎಂದು ಕೂಗಿದೆ.

“ಏನೋ ಸಾಕು? ನಂಗಿನ್ನೂ ತೂತೇ ಸಿಕ್ಕಿಲ್ಲ!” ಎನ್ನುತ್ತಾ ಅಕ್ಕ ಬಾಗಿಲಿಗೆ ಬಂದಳು. ನಮ್ಮ ವೈರು ಸುರುಳಿ ಸಮೇತ ಅವಳ ಕೈಯಲ್ಲೇ ಇತ್ತು.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದದ್ದನ್ನು ಆಚೆಯಿಂದ ಮೆಲ್ಲಗೆ ಜಗ್ಗಿದಂತಾಯಿತು. ಬೆಚ್ಚಿ ಬಿಟ್ಟುಬಿಟ್ಟೆ. ಅದು ಸರಸರನೆ ಒಳಗೆ ಹೋಯಿತು.

ಅಕ್ಕನ ವೈರನ್ನು ಬಾಗಿಲ ಸಂದಿಯಿಂದ ತಂದು ಜೋಡಿಸಿದೆವು. ಇಂಟರ್ನೆಟ್ಟೇನೋ ಚೆನ್ನಾಗಿದೆ. ತೂತಿಗೆ ಅಡ್ಡವಾಗಿ ಕಬ್ಬಿಣದ ಬೀರು ನಿಲ್ಲಿಸಿದ್ದೇವೆ. ಗೋಡೆಗೆ ಒತ್ತಿ ಇಟ್ಟರೂ ಬೆಳಗಾಗುವಷ್ಟರಲ್ಲಿ ಅದು ಅಂಗೈಯಗಲ ಮುಂದೆ ಬಂದಿರುತ್ತದೆ.