ಸಿಹಿನೀರು ಎಷ್ಟು ಹಾಕಬೇಕು?

"ಏ ಏ ಏ! ಆ ಸ್ಪ್ರೇ ಕೆಳಗ ಇಡ್ರಿ ಮೊದ್ಲ!"

ಮಾನಮ್ಮನ ಕೈ ಗಾಳಿಯಲ್ಲೇ ನಿಂತಿತು.

ಶಹಾಪುರದ ಆ ಹಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಅವಳು ಸೇರಿದ್ದೇ ನಿನ್ನೆ. ಮೀನಿನ ತೊಟ್ಟಿಯ ಗಾಜು ಒರೆಸಿದರೆ ಡಾಕ್ಟರಮ್ಮ ಖುಷಿಪಟ್ಟಾರು ಎಂದುಕೊಂಡಿದ್ದಳು ಪಾಪ. ಬಾಗಿಲಲ್ಲಿ ಬಕೆಟ್ ಹಿಡಿದು ಕಣ್ಣು ಕೆಂಪಗೆ ಮಾಡಿ ನಿಂತ ಈ ಗಡ್ಡದವನು ಯಾರು?

"ಒರಸಿದ್ರ ತಪ್ಪೇನ್ರಿ?"

"ಅದರ ಒಂದು ಹನಿ ಒಳಗ ಬಿದ್ರ ಎಲ್ಲಾ ಜೀವ ಹೋಗ್ತಾವ. ಇದು ಸಮುದ್ರ ಅದ ರೀ, ಶೋಕೇಸ್ ಅಲ್ಲ!"

ಅಬ್ಬಾ, ಎಷ್ಟು ಸೊಕ್ಕು! ಆದರೆ ಮರುಕ್ಷಣ ಅವನು ತೊಟ್ಟಿಯ ಮುಂದೆ ಮಂಡಿಯೂರಿ, ಒಂದೊಂದು ಜೀವಂತ ಹವಳವನ್ನೂ ನೋಡಿ, "ಎಲ್ಲಾ ಆರಾಮ್ ಅದಾವ..." ಎಂದು ಉಸಿರು ಬಿಟ್ಟಾಗ ಅವಳ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಅವನ ಹೆಸರು ಯಂಕಣ್ಣ. ಸುರಪುರದವನು. ಪ್ರತಿ ಮಂಗಳವಾರ ಬಂದು ಈ ಉಪ್ಪುನೀರಿನ ತೊಟ್ಟಿ ನೋಡಿಕೊಳ್ಳುತ್ತಿದ್ದ.

ಮಂಗಳವಾರ ಬಂತೆಂದರೆ ಮಾನಮ್ಮ ಎರಡು ಸಲ ತಲೆ ಬಾಚಿಕೊಳ್ಳತೊಡಗಿದಳು. ಯಾಕೆ ಅಂತ ಬೇರೆ ಹೇಳಬೇಕೇ?

ಅವನಿಗೋ ಹೊಸದರ ಹುಚ್ಚು. ಬಿಳಿ ಟ್ಯೂಬ್ ಹೋಗಿ ನೀಲಿ ಎಲ್‌ಇಡಿ ಬಂತು. ತಳಕ್ಕೆ ಮರಳು ಹಾಕಿದ, ಆಮೇಲೆ ಮರಳಿನ ಫ್ಯಾಷನ್ ಹೋಯಿತೆಂದು ತೆಗೆದ. ಈಗ ಎಲ್ಲವನ್ನೂ ಮೊಬೈಲಿನಲ್ಲೇ ನಡೆಸುತ್ತಾರಂತೆ!

"ದಿನಾ ಬದಲಾಗೂದಾದ್ರ ನಾವು ಕಲಿಯೂದು ಏನ್ರಿ?" ಅವಳು ಛೇಡಿಸಿದಳು.

"ಮ್ಯಾಲಿಂದು ಬದಲಾಗ್ತದ. ಉಪ್ಪು ಹದದಾಗಿರಬೇಕು, ಕಾವು ಹದದಾಗಿರಬೇಕು, ಅವಸರ ಮಾಡಬಾರದು. ಇದು ಮಾತ್ರ ಯಾವತ್ತೂ ಬದಲಾಗಂಗಿಲ್ಲ."

"ಮನಷ್ಯಾರಿಗೂ ಹಂಗೇ ಅಲ್ರಿ?"

ಅವನು ತೊಟ್ಟಿಯ ಕಡೆ ತಿರುಗಿಕೊಂಡ. ಕಿವಿ ಮಾತ್ರ ಕೆಂಪಾಯಿತು.

ದಿನವೂ ತೊಟ್ಟಿಯಲ್ಲಿ ಆರಿದಷ್ಟು ಸಿಹಿನೀರು ಹಾಕುವ ಕೆಲಸವನ್ನು ಅವನು ಅವಳಿಗೇ ವಹಿಸಿದ್ದ. "ಹಾರೂದು ನೀರು ಅಷ್ಟೇ, ಉಪ್ಪು ಒಳಗೇ ಉಳಿತದ. ಆರಿದಷ್ಟೇ ಹಾಕ್ರಿ, ಹೆಚ್ಚು ಬ್ಯಾಡ."

"ಗೊತ್ತದ್ರಿ," ಅವಳ ದನಿ ಸಣ್ಣಗಾಯಿತು. "ಕೆನಾಲ್ ಬಂದಾಗ ನಮ್ಮಪ್ಪ ಖುಷೀಲೆ ಭತ್ತಕ್ಕ ನೀರು ಬಿಟ್ಟಿದ್ದೇ ಬಿಟ್ಟಿದ್ದು. ಉಪ್ಪು ಮ್ಯಾಲೆದ್ದು ಹೊಲ ಬೆಳ್ಳಗಾತು. ಈಗ ಹುಲ್ಲೂ ಹುಟ್ಟಂಗಿಲ್ಲ. ನನ್ನ ಕೈಲೇ ನೀರು ಹೆಚ್ಚಾಗಂಗಿಲ್ಲ ಬಿಡ್ರಿ."

ಮನೆಯ ಹೊರಗೆ ಯಾರಿಗೂ ಅವಳು ಇದನ್ನು ಹೇಳಿರಲಿಲ್ಲ. ಅವನಿಗೆ ಹೇಳಿದ್ದಳು...

ಬೇಸಿಗೆಯಲ್ಲಿ ಅವನು ಒಂದು ಮಷೀನು ತಂದು ಕೂರಿಸಿದ. ತೊಟ್ಟಿಯ ನೀರು ಇಳಿದರೆ ಅದರ ಮೇಲೆ ತೇಲುವ ಸಣ್ಣ ಬೆಂಡೂ ಇಳಿಯುತ್ತದೆ, ಡ್ರಮ್ಮಿನಿಂದ ಸಿಹಿನೀರು ತಾನೇ ಬರುತ್ತದೆ.

"ಇನ್ನ ನಿಮಗ ತ್ರಾಸಿಲ್ಲ," ಎಂದ ಹೆಮ್ಮೆಯಿಂದ.

ಯಾರು ತ್ರಾಸು ಅಂದಿದ್ದರು ಇವನಿಗೆ? ಮಾನಮ್ಮ ದಿನಾ ನೀರು ಹಾಕುತ್ತಿದ್ದ ತಂಬಿಗೆಯನ್ನು ಮೂಲೆಗೆ ಇಟ್ಟಳು.

ಅದಾದ ಒಂದು ಸೋಮವಾರ ಬಾಗಿಲು ತೆಗೆದರೆ ನೆಲವೆಲ್ಲ ನೀರು! ತೊಟ್ಟಿ ತುಂಬಿ ಹರಿಯುತ್ತಿತ್ತು, ಡ್ರಮ್ಮು ಮುಕ್ಕಾಲು ಖಾಲಿ, ಹವಳಗಳು ಸುರುಟಿಕೊಂಡು ಬಿದ್ದಿದ್ದವು. ಅವಳು ಓಡಿ ಮಷೀನು ಬಂದ್ ಮಾಡಿದಳು. ಯಂಕಣ್ಣನಿಗೆ ಫೋನ್ ಹಚ್ಚಿದಳು. ಹೈದರಾಬಾದಿಗೆ ಹೋಗಿದ್ದವನ ಫೋನು ಸ್ವಿಚ್ ಆಫ್.

ಮರುದಿನ ಯಂಕಣ್ಣ ಬಂದ. ನೀರಿನ ಉಪ್ಪು ಅಳೆದ, ತೀರಾ ಕಡಿಮೆಯಾಗಿತ್ತು. ಬಂದ್ ಆಗಿದ್ದ ಮಷೀನು ನೋಡಿದ.

"ಮಷೀನು ಬಂದ್ ಮಾಡಿ ಕೈಲೇ ನೀರು ಹಾಕೀರಲ್ಲ?"

"ಇಲ್ರೀ, ನಾನು ಬರೂದ್ರಾಗ..."

"ನಿಮ್ಮಪ್ಪ ಹೊಲಕ್ಕ ಮಾಡಿದ್ದನ್ನೇ ನೀವು ಇಲ್ಲಿ ಮಾಡಿದ್ರಿ!"

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಂಬಿ ಹೇಳಿದ ಮಾತನ್ನೇ ತಿರುಗಿಸಿ ಎದೆಗೆ ಚುಚ್ಚಿದನಲ್ಲ! ಮಾನಮ್ಮ ಮುಖ ತಿರುಗಿಸಿದಳು. ಅವನು ಮಷೀನು ಬಿಚ್ಚಿಕೊಂಡು ಹೊರಟುಹೋದ.

ಡಾಕ್ಟರಮ್ಮ ಕುಬ್ರಾಬೇಗಂ ಬೇಸತ್ತುಹೋದರು. "ಸಾಕಪ್ಪ ಇದರ ಗೋಳು. ಈಗೆಲ್ಲಾ ದೊಡ್ಡ ಟಿವಿಯಾಗ ಮೀನು ತೋರಸ್ತಾರ, ಅದನ್ನೇ ಹಚ್ಚೂಣು."

ತೊಟ್ಟಿ ಹೋದರೆ ಮಂಗಳವಾರವೂ ಹೋಯಿತು. ಗುರುಮಠಕಲ್ಲಿನಿಂದ ಮದುವೆ ಸಂಬಂಧ ಬಂದಾಗ ಮಾನಮ್ಮ ಮನೆಯವರಿಗೆ, "ನಿಮ್ಮಿಷ್ಟ," ಎಂದುಬಿಟ್ಟಳು. ಬೇಡ ಎನ್ನಲು ಅವಳ ಬಳಿ ಏನು ಉಳಿದಿತ್ತು?

ತೊಟ್ಟಿ ಖಾಲಿ ಮಾಡುವ ದಿನ ಯಂಕಣ್ಣ ಬಂದ. ಮುಖ ಸೊರಗಿತ್ತು. ಕೈಯಲ್ಲಿ ಅದೇ ಮಷೀನು.

"ನಮ್ಮ ಮನ್ಯಾಗ ಹಚ್ಚಿ ನೋಡಿದೆ. ಬೆಂಡಿಗೆ ಉಪ್ಪು ಕಟ್ಟಿ ಕೆಳಗೇ ಅಂಟಿಕೊಂಡದ. ನೀರು ಸುರೀತಾನೇ ಇತ್ತು. ನೀವು ಬಂದ್ ಮಾಡಿದ್ದಕ್ಕ ಮೀನರೆ ಉಳದಾವ." ಅವನು ಮಷೀನು ಕೆಳಗಿಟ್ಟ. "ತಪ್ಪು ನಂದು, ಮಾನಮ್ಮ."

"ಅಪ್ಪನ ಮಾತು ಯಾಕ ತಗದ್ರಿ?" ಅವಳ ಕಣ್ಣು ತುಂಬಿ ಬಂತು. "ನಾನು ಅದನ್ನ ಮರೀಲಾರೆ."

"ಮರೀಬ್ಯಾಡ್ರಿ."

ಹವಳವೆಲ್ಲ ಸತ್ತಿತ್ತು. ಬಂಡೆ ಎತ್ತಿದಾಗ ಅದರ ಸಂದಿಯಲ್ಲಿ ಮಾತ್ರ ಬೆರಳುಗುರಿನಷ್ಟು ಹವಳದ ತುಣುಕು ಇನ್ನೂ ಹಸಿರಾಗಿ ಜೀವಂತವಿತ್ತು. ಅವನು ಅದನ್ನು ಬಕೆಟ್ಟಿನ ಉಪ್ಪುನೀರಿಗೆ ಬಿಟ್ಟ.

"ಐತವಾರ ಗುರುಮಠಕಲ್ಲಿನವರು ಬರ್ತಾರ," ಎಂದಳು ನೆಲ ನೋಡುತ್ತ.

"ಕೇಳೀನಿ." ಅವನು ಒದ್ದೆ ಕೈ ಒರೆಸಿಕೊಂಡ. "ನನಗ ಇದ್ದ ಕೆಲಸಾನೂ ಹೋತು. ಕೇಳಾಕ ನನಗ ಮುಖ ಇಲ್ಲ. ಆದ್ರೂ ಕೇಳ್ತೀನಿ... ನಾನು ನಿಮ್ಮನ್ನ ಭಾಳ ಇಷ್ಟಪಡ್ತೀನಿ. ಅವರಿಗೆ ಬ್ಯಾಡ ಅಂತೀರೇನು?"

ಎಷ್ಟು ಮಂಗಳವಾರ ಕಾದಿದ್ದಳು ಈ ಮಾತಿಗೆ! ಬಂದದ್ದು ಎಲ್ಲಾ ಮುಗಿದ ಮೇಲೆ. ಅವಳು ಅಳುತ್ತಲೇ ಬಕೆಟ್ಟಿನ ಮುಂದೆ ಕುಳಿತಳು.

"ಇದು ಬದುಕ್ತದೇನ್ರಿ?"

"ಕಷ್ಟ ಅದ. ದಿನಾ ನೀರು ಹಾಕೋರು ಬೇಕು."

"ಮಷೀನು ಅದ ಅಲ್ಲ?"

"ಮಷೀನು ಬ್ಯಾಡ," ಎಂದ ಯಂಕಣ್ಣ. "ನೀವು ಬೇಕು."

ಮಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬಕೆಟ್ಟಿನ ಹಿಡಿಗೆ ಕೈ ಹಾಕಿದಳು.

"ಎಷ್ಟು ಹಾಕಬೇಕ್ರಿ?"

"ಆರಿದಷ್ಟೇ."