ನನ್ನ ಧುನ್ ಕದ್ದವಳು

"ನಿಲ್ಲಸ್ರಿ! ನಿಲ್ಲಸ್ರಿ! ಅದು ನಮ್ಮ ಧುನ್!"

ಗುಲಾಫಶಾ ಕೂಗಿದ ರಭಸಕ್ಕೆ ಪಕ್ಕದಲ್ಲಿದ್ದ ಮುಕ್ತಾರನ ಕೈಯಿಂದ ವಡಾಪಾವ್ ಜಾರಿ ಕೆಳಗೆ ಬಿತ್ತು. ವೇದಿಕೆಯ ಮೇಲೆ ಗಿಟಾರ್ ನುಡಿಸುತ್ತಿದ್ದ ಹುಡುಗಿ ಬೆಚ್ಚಿ ನಿಂತಳು. ಪಾಪ, ಅವಳು ಇನ್ನೂ ಒಂದು ಸಾಲು ನುಡಿಸಿದ್ದಳಷ್ಟೆ.

ಅದು ಮುಂಬೈ ಉಪನಗರದ ಶಾಲೆಗಳ ರಾಕ್ ಬ್ಯಾಂಡ್ ಸ್ಪರ್ಧೆಯ ಸೆಮಿಫೈನಲ್. ಜೋಗೇಶ್ವರಿಯ ಗುಲಾಫಶಾಳ ಬ್ಯಾಂಡಿನ ಹೆಸರು 'ಗಾಲಾ ನಂಬರ್ ಸೆವೆನ್'. ಹೆಸರು ದೊಡ್ಡದಾದರೂ ಬ್ಯಾಂಡಿನಲ್ಲಿ ಇರುವವರು ಇಬ್ಬರೇ. ಆರನೇ ಕ್ಲಾಸಿನ ಗುಲಾಫಶಾ ಶಾಲೆಯ ಗಿಟಾರ್ ನುಡಿಸುತ್ತ ಹಾಡುತ್ತಾಳೆ. ಅವಳನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ಚಿಕ್ಕಪ್ಪನ ಮಗ ಮುಕ್ತಾರ ಡ್ರಮ್ಸ್ ಬಾರಿಸುತ್ತಾನೆ. ಡ್ರಮ್ಸ್ ಎಂದರೆ ಪೇಂಟಿನ ಖಾಲಿ ಬಕೆಟ್‌ಗಳು. ಗುಲಾಫಶಾಳ ಅಬ್ಬಾ ಕೆಲಸ ಮಾಡುವ ಕಾರ್ಖಾನೆಯ ಗಾಲಾ, ಅಂದರೆ ಷೆಡ್ಡು, ಭಾನುವಾರ ಖಾಲಿ ಇರುತ್ತದೆ. ಇಬ್ಬರ ಪ್ರಾಕ್ಟೀಸ್ ಅಲ್ಲಿಯೇ.

ಮೂವರು ತೀರ್ಪುಗಾರರಲ್ಲಿ ಹಿರಿಯರಾದ ಯಕ್ಷಿತಾ ಮೇಡಂ ಮೈಕ್ ಹಿಡಿದರು. "ಏನಮ್ಮಾ ಅದು ಗಲಾಟೆ?"

"ಮೇಡಂ, ಆಕಿ ನಮ್ಮ ಧುನ್ ಕದ್ದಾಳ! ಬೇಕಾದ್ರ ಕೇಳ್ರಿ!" ಗುಲಾಫಶಾ ಗಿಟಾರ್ ಎತ್ತಿಕೊಂಡು ಅಲ್ಲೇ ನುಡಿಸಿಬಿಟ್ಟಳು.

ಟಂ-ಟಂ-ಟಾಂವ್... ಟಂಟಂ-ಟಾಂವ್!

ಹಾಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದು, ಎರಡೂ ಒಂದೇ. ಕಿವಿ ಇದ್ದವರು ಯಾರಾದರೂ ಹೇಳಬಹುದಿತ್ತು.

ವೇದಿಕೆಯ ಮೇಲಿದ್ದವಳ ಹೆಸರು ಸೋನಾಲಿ. 'ಮಲಾಡ್ ಮಿರ್ಚಿ' ಎಂಬ ಬ್ಯಾಂಡಿನವಳು. ಅವಳ ಮುಖ ನಿಜಕ್ಕೂ ಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು. "ಗಾಡ್ ಪ್ರಾಮಿಸ್ ಮೇಡಂ! ಈ ಧುನ್ ನಂದೇ. ನನ್ನ ತಲಿಯಾಗ ಅಪನೇ ಆಪ್, ತಾನಾಗೇ ಬಂತು."

"ಹ್ಞಾ, ಅಪನೇ ಆಪ್!" ಗುಲಾಫಶಾ ಬಿಡಲಿಲ್ಲ. "ನನ್ನ ತಲಿಯಿಂದ ಎದ್ದು, ಲೋಕಲ್ ಟ್ರೇನ್ ಹತ್ತಿ, ನಿನ್ನ ತಲಿಗೆ ಬಂತೇನು?"

ಎಲ್ಲರೂ ನಕ್ಕರು. ಸೋನಾಲಿ ಒಬ್ಬಳೇ ನಗಲಿಲ್ಲ.

ಧುನ್, ಅಂದರೆ ಹಾಡಿನ ಮಟ್ಟು, ಸ್ವಂತದ್ದೇ ಆಗಿರಬೇಕು ಎನ್ನುವುದು ಸ್ಪರ್ಧೆಯ ನಿಯಮ. ಗುಲಾಫಶಾಳ ಬಳಿ ಪುರಾವೆ ಇತ್ತು. ದೀಪಾವಳಿಗೆ ಮೊದಲು ಶಾಲೆಯ ಗ್ಯಾದರಿಂಗಿನಲ್ಲಿ ನುಡಿಸಿದ ವಿಡಿಯೊವನ್ನು ಮುಕ್ತಾರ ಇಂಟರ್‌ನೆಟ್ಟಿಗೆ ಹಾಕಿದ್ದ. ಸೋನಾಲಿಯ ಬಳಿ ಗಾಡ್ ಪ್ರಾಮಿಸ್ ಬಿಟ್ಟು ಬೇರೇನೂ ಇರಲಿಲ್ಲ. ತೀರ್ಪುಗಾರರು ಗುಸುಗುಸು ಮಾತಾಡಿಕೊಂಡರು. 'ಮಲಾಡ್ ಮಿರ್ಚಿ' ಸ್ಪರ್ಧೆಯಿಂದ ಹೊರಬಿತ್ತು.

ಸೋನಾಲಿ ಗಿಟಾರಿನ ವೈರ್ ಕಿತ್ತು ಸುತ್ತಿಕೊಂಡು, ಯಾರ ಕಡೆಗೂ ನೋಡದೆ ಇಳಿದು ಹೋದಳು.

ಆ ವಾರವೆಲ್ಲ ಗುಲಾಫಶಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯಿದ್ದ ಚಾಳಿನ ನಲ್ಲಿಯ ಹತ್ತಿರ, ಕ್ಲಾಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಎಲ್ಲೆಡೆ ಅದೇ ಕತೆ. ಹೇಳಿದಂತೆಲ್ಲ ಕತೆ ಬೆಳೆಯುತ್ತಲೇ ಹೋಯಿತು. ಗೆದ್ದವರ ಶಾಲೆಗೆ ನಿಜವಾದ ಡ್ರಮ್ ಸೆಟ್ ಬಹುಮಾನ! ಮುಕ್ತಾರನಂತೂ ಊಟಕ್ಕೆ ಕುಳಿತರೂ ತಟ್ಟೆಯ ಅಂಚಿನ ಮೇಲೆ ಬಾರಿಸುತ್ತಿದ್ದ.

ಒಂದು ದಿನ ಅವನು ಬಾರಿಸುವುದನ್ನು ನಿಲ್ಲಿಸಿ ಕೇಳಿದ. "ಆಪಾ, ಆಕಿ ಖರೇನ ಕದ್ದಾಳ? ನಮ್ಮ ವಿಡಿಯೊ ನಾನು, ನೀನು, ನಮ್ಮ ಸಂಗೀತದ ಸರ್ ಬಿಟ್ರ ಯಾರೂ ನೋಡಿಲ್ಲ."

"ಕದ್ದಿಲ್ಲಂದ್ರ ಆಕಿಗೆ ಹೆಂಗ ಬಂತು? ಸುಮ್ನ ಪ್ರಾಕ್ಟೀಸ್ ಮಾಡು" ಎಂದಳು ಗುಲಾಫಶಾ. ಆದರೆ ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅವಳನ್ನು ಕಾಡುತ್ತಲೇ ಇತ್ತು.

ಶನಿವಾರ ಬಂತು. ಬಾಂದ್ರಾದ ದೊಡ್ಡ ಹಾಲಿನಲ್ಲಿ ಫೈನಲ್. ಸಂಗೀತದ ಶೆಟ್ಟೆಪ್ಪ ಸರ್ ಮುಕ್ತಾರನನ್ನೂ ಅವನ ಬಕೆಟ್‌ಗಳನ್ನೂ ರಿಕ್ಷಾದಲ್ಲಿ ತುಂಬಿಕೊಂಡು ಹೊರಟರು. ಅದರಲ್ಲಿ ಇನ್ನೊಂದು ಸೊಳ್ಳೆಗೂ ಜಾಗವಿರಲಿಲ್ಲ. ಹಾಗಾಗಿ ಗುಲಾಫಶಾ ಅಮ್ಮಿ ಜೇಬುನ್ನೀಸಾ ಜೊತೆ ಲೋಕಲ್ ಹತ್ತಿದಳು.

ಹತ್ತಿದಳು ಅನ್ನುವುದಕ್ಕಿಂತ ಹತ್ತಿಸಲ್ಪಟ್ಟಳು ಅನ್ನಬೇಕು. ಹಿಂದಿನವರು ನೂಕಿದ ನೂಕಿಗೆ ಲೇಡೀಸ್ ಡಬ್ಬಾದ ನಟ್ಟನಡುವೆ ಬಂದು ನಿಂತಿದ್ದಳು. ಗಿಟಾರ್ ಯಾರ ಮೊಣಕೈಗೋ, ಯಾರ ಬುತ್ತಿಚೀಲಕ್ಕೋ ತಾಗುತ್ತಿತ್ತು.

ಕಿಟಕಿಯ ಹತ್ತಿರ ಏಳೆಂಟು ಹೆಂಗಸರು ಭಜನೆ ಶುರು ಮಾಡಿದರು. ಕೆಲಸಕ್ಕೆ ಹೋಗುವವರು ದಾರಿಯುದ್ದಕ್ಕೂ ಹೀಗೆ ಹಾಡಿಕೊಂಡು ಹೋಗುವುದು ಆ ಡಬ್ಬಾದಲ್ಲಿ ದಿನಾ ಇರುವುದೇ. ಒಬ್ಬಳು ತಾಳ ಕುಟ್ಟಿದಳು. ಇನ್ನೊಬ್ಬಳು ಬಳೆ ತುಂಬಿದ ಕೈಯಿಂದ ಡಬ್ಬಾದ ತಗಡನ್ನು ಬಡಿದಳು. ಎಲ್ಲರೂ ಸೇರಿ ವಿಠಲನನ್ನು ಕರೆದರು.

ಟಂ-ಟಂ-ಟಾಂವ್... ಟಂಟಂ-ಟಾಂವ್.

ಗುಲಾಫಶಾ ಉಸಿರು ಬಿಗಿಹಿಡಿದು ಕೇಳಿದಳು. ಮತ್ತೆ ಬಂತು. ಅದೇ!

"ಅಮ್ಮಿ!" ಅವಳು ಚೀರಿದಳು. "ಇವರೂ ನಮ್ಮ ಧುನ್ ಕದ್ದಾರ!"

ಕನ್ನಡ ಬಲ್ಲವರು ಘೊಳ್ಳೆಂದು ನಕ್ಕರು. ಯಾಕೆಂದು ತಿಳಿದುಕೊಂಡು ಉಳಿದವರೂ ನಕ್ಕರು. ತಾಳ ಹಿಡಿದಿದ್ದ ಬಿಳಿಕೂದಲಿನ ಹೆಂಗಸು ಮಾತ್ರ ಹುಬ್ಬು ಏರಿಸಿದಳು. "ಯಾವ ಧುನ್ ಗ ನಿಮ್ಮದು? ನಾ ಮದಿವ್ಯಾಗಿ ಸೊಲ್ಲಾಪುರದಿಂದ ಬಂದಾಗಿಂದ ಇದೇ ಲೋಕಲ್‌ದಾಗ ಇದನ್ನ ಹಾಡ್ಲಿಕ್ಕತ್ತೀನಿ. ಆವಾಗ ನಿಮ್ಮಮ್ಮಿ ಫ್ರಾಕ್ ಹಾಕ್ಕೊಂಡಿರಬೇಕು."

ಹಾಗೆಂದವಳೇ ಅಮ್ಮಿಯ ಮುಖವನ್ನು ದಿಟ್ಟಿಸಿ ನೋಡಿದಳು. "ಅಗ, ಜೇಬುನ್! ನೀನಾ?"

"ನೀಲಾಬಾಯಿ!" ಅಮ್ಮಿಯ ಮುಖ ಅರಳಿತು. "ಎಷ್ಟ ವರ್ಷ ಆತ್ರಿ!"

ಆಮೇಲೆ ಇಬ್ಬರೂ ಗುಲಾಫಶಾಳನ್ನು ಮರೆತೇಬಿಟ್ಟರು. ಅವರ ಮಾತುಗಳ ನಡುವಿನಿಂದ ಗುಲಾಫಶಾ ವಿಷಯವನ್ನು ಹೆಕ್ಕಿಕೊಂಡಳು. ಅವಳು ಚಿಕ್ಕವಳಿದ್ದಾಗ ಅಮ್ಮಿ ದಾದರಿನಲ್ಲಿ ಬಟ್ಟೆ ಹೊಲಿಯಲು ಹೋಗುತ್ತಿದ್ದಳಂತೆ. ದಾರಿಯಲ್ಲಿ ಮಾಹಿಮಿನ ಖಾಲಾ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಮಗಳನ್ನು ಬಿಡುತ್ತಿದ್ದಳಂತೆ. ಹೋಗುತ್ತಿದ್ದುದು ಇದೇ ಲೋಕಲ್‌ನಲ್ಲಿ, ಇದೇ ಡಬ್ಬಾದಲ್ಲಿ.

"ಈ ಪೋರಿ ಏನ್ ಅಳತಿತ್ತು ಅಂತೀ!" ನೀಲಾಬಾಯಿ ಗುಲಾಫಶಾಳ ಕೆನ್ನೆ ಹಿಂಡಿದಳು. "ನಾವು ಈ ಭಜನಿ ಹಾಡಿದ್ರ ಮಾತ್ರ ಬಾಯಿ ಮುಚ್ಚತಿತ್ತು. ಆಮ್ಯಾಲ ಮಲಾಡಿಂದ ಹತ್ತತಾಳಲ್ಲ ಭಾಗವ್ವ, ಆಕಿ ಮಗಳೂ ಹಿಂಗ. ಬಾಯಿ ಕಳದು ಕೇಳ್ಕೋತ ಕೂಡತಿತ್ತು."

ಗುಲಾಫಶಾ ತಟ್ಟನೆ ಅವಳ ಕಡೆ ತಿರುಗಿದಳು. "ಆ ಹುಡುಗಿ ಹೆಸರು ಏನ್ರಿ?"

"ಸೋನಾಲಿ. ಪಾಪ, ಯಾರೋ ಆಕಿಗೆ ಕಳ್ಳಿ ಅಂದಾರಂತ. ಸರಿಯಾಗಿ ಊಟಾನೂ ಮಾಡವಲ್ಲದಂತ. ಅದಕ್ಕ ಭಾಗವ್ವ ಇವತ್ತ ಕೆಲಸಕ್ಕ ರಜಾ ಹಾಕ್ಯಾಳ."

ಲೋಕಲ್ ಅಂಧೇರಿ ದಾಟಿತ್ತು. ಗುಲಾಫಶಾ ಗಿಟಾರನ್ನು ಎದೆಗೆ ಅವಚಿಕೊಂಡಳು. ಯಾರೋ ಅಲ್ಲ, ಅಂದವಳು ತಾನೇ! ತಾನಾಗಿಯೇ ತಲೆಗೆ ಬಂತೆಂದು ಬೀಗಿದ್ದ ಧುನ್, ಅಮ್ಮಿಯ ತೊಡೆಯ ಮೇಲೆ ಮಲಗಿ ಕೇಳಿದ್ದು. ಸೋನಾಲಿ ಕೇಳಿದ್ದೂ ಹೀಗೆಯೇ.

"ನೀಲಾಬಾಯಿ, ಭಾಗವ್ವ ಆಂಟಿಯ ನಂಬರ್ ಐತೇನ್ರಿ? ಫೋನ್ ಹಚ್ಚಿ ಕೊಡ್ರಿ! ಲಗೂನ! ಸೋನಾಲಿ ಕೂಡ ಮಾತಾಡಬೇಕು!"

ಫೋನ್ ರಿಂಗಾಯಿತು. ಆ ಕಡೆಯಿಂದ ಸೋನಾಲಿಯ ಸಣ್ಣ ದನಿ "ಹಲೋ, ಕೌನ್?" ಎಂದು ಕೇಳಿತು. ಗುಲಾಫಶಾ ಫೋನನ್ನು ತಾಳದ ಮುಂದೆ ಹಿಡಿದು, "ಹಾಡ್ರಿ, ಜೋರ್‌ಲೇ ಹಾಡ್ರಿ!" ಎಂದಳು.

ಹೆಂಗಸರಿಗೂ ಹುರುಪು ಬಂತು. ಇಡೀ ಡಬ್ಬಾ ಹಾಡಿತು. ನಿಂತವರೂ ಚಪ್ಪಾಳೆ ತಟ್ಟಿದರು.

ಫೋನಿನಿಂದ ಒಮ್ಮೆಲೇ ಕಿವಿ ಹರಿಯುವಂಥ ಕೂಗು. "ಅರೇ, ಯೇ ತೋ ಮೇರೀ ಧುನ್ ಹೈ!"

"ನಂದೂ!" ಗುಲಾಫಶಾ ಅದಕ್ಕಿಂತ ಜೋರಾಗಿ ಕೂಗಿದಳು. "ನಾನು ಗುಲಾಫಶಾ. ನೀನು ಕದ್ದಿಲ್ಲ ಸೋನಾಲಿ! ನಾ ತಪ್ಪು ಹೇಳಿದ್ನಿ. ಗಿಟಾರ್ ತಗೊಂಡು ಬಾಂದ್ರಾಕ್ಕ ಬಾ. ನಾ ಮೇಡಂಗೆ ಹೇಳ್ತೀನಿ."

"ನಾ ಯಾಕ ಬರಲಿ? ಸಬ್ ಕೆ ಸಾಮನೆ, ಎಲ್ಲಾರ ಮುಂದ, ಕಳ್ಳಿ ಅಂದಿ. ಈಗ ಫೋನ್‌ದಾಗ ಸಾರಿ ಅಂತಿ?"

ಫೋನ್ ಕಟ್ ಆಯಿತು. "ಮೈಕ್‌ದಾಗ, ಎಲ್ಲಾರ ಮುಂದ ಹೇಳ್ತೀನಂತ ಆಕಿಗೆ ತಿಳಸ್ರಿ" ಎಂದು ಗುಲಾಫಶಾ ಫೋನನ್ನು ನೀಲಾಬಾಯಿಗೆ ಕೊಟ್ಟಳು.

ಹಾಲಿನ ಬಾಗಿಲಲ್ಲಿ ಮುಕ್ತಾರ ಕಾಯುತ್ತಿದ್ದ. ಗುಲಾಫಶಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನು ಹಾಲಿನ ಒಳಗೆ ಇಣುಕಿದ. ಬಹುಮಾನದ ಡ್ರಮ್ ಸೆಟ್ ವೇದಿಕೆಯ ಮೂಲೆಯಲ್ಲೇ ಇತ್ತು, ಥಳಥಳ ಹೊಳೆಯುತ್ತ.

"ಹೇಳಿದ್ರ ಅದು ನಮಗ ಸಿಗಂಗಿಲ್ಲ?"

"ಸಿಗಲಿಕ್ಕಿಲ್ಲ."

"ಹಂಗಾದ್ರ ಹೇಳಬ್ಯಾಡ ಆಪಾ. ಇಲ್ಲಿ ಯಾರಿಗೂ ಗೊತ್ತಿಲ್ಲ."

ಗುಲಾಫಶಾಗೂ ಅದು ಬೇಕಿತ್ತು. ತುಂಬಾ ಬೇಕಿತ್ತು. "ಸೋನಾಲಿ ಉಣವಲ್ಲಳಂತ, ಮುಕ್ತಾರ" ಎಂದಳು. ಮುಕ್ತಾರ ಬಕೆಟ್ ಎತ್ತಿಕೊಂಡು ಮುಖ ತಿರುಗಿಸಿದ. ಅವಳು ಒಬ್ಬಳೇ ಯಕ್ಷಿತಾ ಮೇಡಂ ಬಳಿ ಹೋದಳು.

ಮೇಡಂ ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಬೆರಳು ಮೇಜಿನ ಮೇಲೆ ಟಂ-ಟಂ-ಟಾಂವ್ ಎಂದು ಬಡಿಯತೊಡಗಿತು. "ಸ್ವಂತ ಧುನ್ ಅಂತ ಇಟ್ಟಿರೋ ಮಾರ್ಕ್ಸ್ ನಿಮಗೆ ಸಿಗೋದಿಲ್ಲ. ಅವರಿಗೂ ಸಿಗೋದಿಲ್ಲ" ಎಂದರು. "ಆದರೆ ಕದ್ದಿಲ್ಲ ಅಂದಮೇಲೆ ಅವರನ್ನ ಹೊರಗಿಡೋದು ಸರಿಯಲ್ಲ. ಕೊನೇ ಬ್ಯಾಂಡ್ ಮುಗಿಯೋದರೊಳಗೆ ಬಂದರೆ ನುಡಿಸಲಿ."

'ಗಾಲಾ ನಂಬರ್ ಸೆವೆನ್' ಸರದಿ ಬಂತು. ಗುಲಾಫಶಾ ಮೈಕ್ ಹತ್ತಿರ ಹೋದಳು. ಸೆಮಿಫೈನಲ್‌ನಲ್ಲಿ ನಕ್ಕಿದ್ದವರಲ್ಲಿ ಬಹಳ ಜನ ಎದುರಿಗೇ ಇದ್ದರು.

"ಈ ಧುನ್ ನನ್ನದಲ್ಲ, ಸೋನಾಲಿದೂ ಅಲ್ಲ. ಲೋಕಲ್‌ದಾಗ ಭಜನಿ ಹಾಡೋರ್ದು. ನಾವಿಬ್ರೂ ಸಣ್ಣವರಿದ್ದಾಗ ಅದನ್ನ ಕೇಳೇವಿ. ಸೋನಾಲಿ ಕಳ್ಳಿ ಅಲ್ಲ. ನಾ ಅಂದಿದ್ದು ತಪ್ಪು."

ಹಿಂದಿನಿಂದ ಮುಕ್ತಾರ ಬಕೆಟ್ ಮೇಲೆ ಢಂ ಎಂದು ಬಾರಿಸಿದ. ಹೊಟ್ಟೆಯೊಳಗಿದ್ದ ಸಿಟ್ಟನ್ನೆಲ್ಲ ಹೊರಹಾಕುವ ಹಾಗೆ ಬಾರಿಸಿದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಬಾರಿಸಿರಲಿಲ್ಲ. ಗಾಲಾದ ಮಷೀನ್ ಹಾಡುತ್ತದೆ, ಕರೆಂಟ್ ಹೋದಾಗ ನಿದ್ದೆ ಮಾಡುತ್ತದೆ, ಅಬ್ಬಾ ಆಗ ಬೀಡಿ ಬಿಟ್ಟು ಪೆಪ್ಪರ್‌ಮೆಂಟ್ ತಿನ್ನುತ್ತಾನೆ ಎನ್ನುವುದು ಅವರ ಹಾಡು. ಹಾಲ್ ತುಂಬ ಸಿಳ್ಳೆ ಬಿತ್ತು.

ಆಮೇಲೆ ಉಳಿದ ಬ್ಯಾಂಡ್‌ಗಳು ಒಂದೊಂದಾಗಿ ಬಂದು ಹೋದವು. ಗುಲಾಫಶಾ ಒಂದನ್ನೂ ನೋಡಲಿಲ್ಲ. ಅವಳ ಕಣ್ಣು ಬಾಗಿಲ ಮೇಲೆಯೇ ಇತ್ತು. ಕೊನೆಯ ಬ್ಯಾಂಡ್ ತನ್ನ ಕೊನೆಯ ಸಾಲಿಗೆ ಬಂದಾಗ ಬಾಗಿಲು ತೆರೆಯಿತು. ಏದುಸಿರು ಬಿಡುತ್ತ ಒಬ್ಬಳು ಹೆಂಗಸು, ಭಾಗವ್ವನೇ ಇರಬೇಕು, ಅವಳ ಮುಂದೆ ಗಿಟಾರ್ ಹಿಡಿದ ಸೋನಾಲಿ. ಬ್ಯಾಂಡಿನ ಉಳಿದವರು ಯಾರೂ ಇರಲಿಲ್ಲ.

ಗುಲಾಫಶಾ ಎದ್ದು ಹೋಗಿ ಎದುರಿಗೆ ನಿಂತಳು. ಸೋನಾಲಿ ಅವಳನ್ನು ನೋಡಿದಳು, ನಗಲಿಲ್ಲ. "ಮೈಕ್‌ದಾಗ ಹೇಳಿದಿ?"

"ಹೇಳಿದ್ನಿ."

"ಹ್ಞೂ" ಎಂದವಳೇ ಸೋನಾಲಿ ವೇದಿಕೆಯ ಕಡೆಗೆ ನಡೆದಳು.

ಅವಳು ಒಬ್ಬಳೇ ನಿಂತು ನುಡಿಸತೊಡಗಿದಳು. ಟಂ-ಟಂ-ಟಾಂವ್... ಟಂಟಂ-ಟಾಂವ್. ಅದೇ ಸಾಲು. ಗುಲಾಫಶಾಳ ಬೆರಳುಗಳಿಗೆ ಮುಂದಿನದು ಗೊತ್ತಿತ್ತು, ಅಲ್ಲಿ ಧುನ್ ಕೆಳಗೆ ಇಳಿಯಬೇಕು.

ಸೋನಾಲಿಯದು ಇಳಿಯಲಿಲ್ಲ. ಒಂದು ಗಳಿಗೆ ನಿಂತು, ಮೇಲಕ್ಕೆ ಹಾರಿತು. ಅಪ್ಪ ಕಟ್ಟುತ್ತಿರುವ ಬಿಲ್ಡಿಂಗಿನ ಬಗ್ಗೆ ಅವಳು ಹಾಡುತ್ತಿದ್ದಳು. ಮಹಡಿಯ ಮೇಲೆ ಮಹಡಿ ಏರಿ, ಎಲ್ಲಕ್ಕಿಂತ ಮೇಲೆ ನಿಂತು, ಅಪ್ಪ ಅಲ್ಲಿಂದ ತಮ್ಮ ಮನೆಯ ತಗಡಿನ ಮಾಡನ್ನು ಹುಡುಕುತ್ತಾನೆ. ಪ್ರತಿ ಮಹಡಿಗೂ ಧುನ್ ಇನ್ನೂ ಒಂದು ಮೆಟ್ಟಿಲು ಮೇಲೇರುತ್ತಿತ್ತು.

ಗುಲಾಫಶಾಳ ಮೈ ಜುಮ್ಮೆಂದಿತು. ಇಷ್ಟು ಒಳ್ಳೆಯದು ತನಗೆ ಯಾಕೆ ಹೊಳೆಯಲಿಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಈ ಭಾಗವನ್ನು ಅವಳು ಕೇಳುತ್ತಿದ್ದುದು ಇದೇ ಮೊದಲು. ಅವತ್ತು ಇದು ಬರುವುದರೊಳಗೆ ಅವಳೇ ಕೂಗಿ ನಿಲ್ಲಿಸಿಬಿಟ್ಟಿದ್ದಳು.

ಮುಕ್ತಾರ ಅವಳ ತೋಳು ಜಗ್ಗಿದ. "ಆಪಾ, ಆಪಾ! ಇದು ನಮ್ಮದರಂಗ ಇಲ್ಲೇ ಇಲ್ಲ! ಇದು ಬ್ಯಾರೇನೇ..."

ಗುಲಾಫಶಾ ವೇದಿಕೆಯಿಂದ ಕಣ್ಣು ತೆಗೆಯದೆ ಅವನ ಬಾಯಿಗೆ ಕೈ ಅಡ್ಡ ಇಟ್ಟಳು.

"ಶ್! ತಡಿ, ಪೂರ್ತಿ ಕೇಳೂಣು."