ಕಮಿಷನ್ ಮೇಲೆ ಬಿಟ್ಟ ಗಾಡಿ

ನವೆಂಬರ್ 14, ಶುಕ್ರವಾರ. ಬೆಳಿಗ್ಗೆ 10.20ಕ್ಕೆ ಯರಗಟ್ಟಿ ಠಾಣೆಗೆ ಇಬ್ಬರು ಒಂದೇ ಕಳ್ಳತನದ ದೂರು ತಂದರು. ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು.

ಒಬ್ಬಳು ಬೈಲಹೊಂಗಲದ ಮಹಾನಂದಾ, ವಯಸ್ಸು 41. ಇನ್ನೊಬ್ಬ ಬೆಳಗಾವಿ ರಸ್ತೆಯಲ್ಲಿ ಹಳೇ ಗಾಡಿಗಳ ಯಾರ್ಡ್ ಇಟ್ಟ ಪರಶು. ಕಳೆದದ್ದು ಒಂದು ಟೆಂಪೋ ಟ್ರಾವೆಲರ್, ನಂಬರ್ ಕೆಎ-24, 4417. ಅದರ ಸೀಟು ತೆಗೆಸಿ ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟಾಕಿ ಕೂರಿಸಲಾಗಿತ್ತು. ಮಹಾನಂದಾಳ ಗಂಡ ಸಂದೀಪ ಒಂಬತ್ತು ವರ್ಷದ ಹಿಂದೆ ಹೀಗೆ ಮಾಡಿಸಿ, ಪ್ರವಾಸ ಹೋಗುವ ಕುಟುಂಬದವರಿಗೆ ಬಾಡಿಗೆ ಕೊಡುತ್ತಿದ್ದ. ಮಾರ್ಚ್‌ನಲ್ಲಿ ತೀರಿಕೊಂಡ. ಗಾಡಿಯನ್ನು ಮಾರಲೆಂದು ಮಹಾನಂದಾ ಪರಶುವಿನ ಯಾರ್ಡಿನಲ್ಲಿ ಬಿಟ್ಟಿದ್ದಳು.

ಪಿಎಸ್‌ಐ ಪೂನಮ್ ಪೆನ್ನು ತೆಗೆದುಕೊಂಡರು.

"ಗಾಡಿ ಯಾರದು?"

"ನಂದ್ರಿ," ಅಂದಳು ಮಹಾನಂದಾ.

"ಯಾರ ಕಡೆ ಇತ್ತು?"

"ಇಂವನ ಕಡೆ."

"ಇಂವ ಅನಬ್ಯಾಡ್ರಿ ಅಕ್ಕಾರ, ನಾನೂ ನಾಕ ಮಂದ್ಯಾಗ ವ್ಯಾಪಾರ ಮಾಡಾಂವ," ಅಂದ ಪರಶು. "ಮೇಡಂ, ಗಾಡಿ ಇವ್ರ ಒಯ್ದು ನನ್ನ ತಲಿಗೆ ಕಟ್ಟಾಕ ಹತ್ತ್ಯಾರ."

"ಹೌದಪಾ, ಸ್ವಂತ ಗಾಡಿ ಕದಿಯಾಕ ಬೈಲಹೊಂಗಲದಿಂದ ಬಸ್ ಹಿಡದು ಬಂದೇನಿ."

ಅವಳ ಮುಖದಲ್ಲಿ ನಗುವೂ ಸಿಟ್ಟೂ ಇರಲಿಲ್ಲ.

"ನೇರ ಮಾರಬೇಕಿತ್ತು. ಯಾರ್ಡಿನ್ಯಾಗ ಯಾಕ ಬಿಟ್ರಿ?" ಎಂದು ಪೂನಮ್ ಕೇಳಿದರು.

"ಗಂಡ ಸತ್ತ ಮನಿರಿ. ದಿನಾ ಯಾರ್ಯಾರೋ ಬಂದು ಗಾಡಿ ಬಾಗಲಾ ತಗದು ನೋಡೂದು ಬ್ಯಾಡ ಅನಿಸ್ತು. ಇಂವ, ಗಾಡಿ ನಿಮ್ದ, ಜಾಗ ನಂದು, ಮಾರಿಕೊಟ್ಟ ಮ್ಯಾಲ ಕಮಿಷನ್ ಕೊಡ್ರಿ ಅಂದ. ನವೆಂಬರ್ ಒಂದನೇ ತಾರೀಖ ಬಿಟ್ಟೆ. ಆ ರೊಕ್ಕದಾಗ ಖಾನಾವಳಿ ಹಾಕಬೇಕಂತ ಜಾಗಾನೂ ಹಿಡದೇನಿ."

ಪರಶು ಕರಾರುಪತ್ರ ತೆಗೆದಿಟ್ಟ. ಮಾರಾಟವಾಗುವವರೆಗೆ ಕಳುವು, ಬೆಂಕಿ, ಅಪಘಾತ ಎಲ್ಲ ಮಾಲೀಕರ ಹೊಣೆ ಎಂದು ಆರನೇ ಸಾಲಿನಲ್ಲಿತ್ತು. ಪೂನಮ್ ಅದನ್ನು ಓದಿ ಹೇಳಿದರು. ಮಹಾನಂದಾ ಆ ಸಾಲನ್ನು ಮೊದಲ ಸಲ ಕೇಳಿದ್ದು ಈಗಲೇ. ಗಾಡಿ ಸಿಗದಿದ್ದರೆ ನಷ್ಟ ಪೂರಾ ಅವಳದು.

11.05ಕ್ಕೆ ಬಿಎನ್‌ಎಸ್ ಕಳ್ಳತನದ ಕಲಂ 303(2)ರಡಿ ಎಫ್‌ಐಆರ್ ಆಯಿತು.

ಮಧ್ಯಾಹ್ನ ಪಂಚನಾಮೆಗೆ ಪೂನಮ್ ಜೊತೆ ಹೆಡ್ ಕಾನ್‌ಸ್ಟೇಬಲ್ ದುರ್ಗಪ್ಪ ಹೋದ. ಎದುರಿನ ಚಹಾದಂಗಡಿಯಿಂದ ಇಬ್ಬರನ್ನು ಪಂಚರಾಗಿ ಕರೆದರು. ಯಾರ್ಡಿನ ಗೇಟಿಗೆ ಬೀಗವಿಲ್ಲ, ಬರೀ ಸರಪಳಿ ಸುತ್ತಿದ್ದರು.

"ಬೀಗ ಎಲ್ಲಿ?"

"ತುಕ್ಕ ಹಿಡದಿತ್ರಿ, ಹೊಸಾದು ತರಬೇಕಂತ..."

"ಮಂದಿ ಗಾಡಿ, ಹೋದ್ರ ಹೋಗ್ಲಿ ಅಂತ ಬಿಟ್ಟಿ," ಅಂದ ದುರ್ಗಪ್ಪ.

ಗಾಜು ಒಡೆದ ಚೂರಿರಲಿಲ್ಲ. ಪರಶುವಿನ ಹತ್ತಿರವಿದ್ದ ಕೀ ಮೊಳೆಗೆ ತೂಗುತ್ತಲೇ ಇತ್ತು. ಗಾಡಿ ನಿಂತಿದ್ದ ಜಾಗದ ಹಿಂದಿನ ಗೋಡೆಗೆ 'ಮಾರಾಟಕ್ಕಿದೆ' ಎಂಬ ಹಲಗೆಯನ್ನು ಆನಿಸಿಡಲಾಗಿತ್ತು. ಗಾಡಿಯ ಮುಂದಿನ ಗಾಜಿನ ಒಳಗಿದ್ದ ಹಲಗೆ ಅದು. ಕದ್ದವನು ಅದನ್ನು ಹೊರಗಿಟ್ಟು ಹೋಗಿದ್ದ. ಪೂನಮ್ ಅದನ್ನೂ ಬರೆಸಿದರು.

"ಎರಡನೇ ಕೀ ಯಾರ ಕಡೆ ಐತಿ?" ಎಂದು ಪೂನಮ್ ಫೋನಿನಲ್ಲಿ ಮಹಾನಂದಾಳನ್ನು ಕೇಳಿದರು.

"ಡ್ರೈವರ್ ಶಂಕ್ರೆಪ್ಪನ ಕಡೆ ಇರಬೇಕ್ರಿ. ಕೇಳೂದ ಮರತೆ. ಪಗಾರ ಕೊಟ್ಟು, ತಂಗಿ ಮನಿಗೆ ಹೋಗಪಾ ಅಂತ ಕಳಿಸಿದ್ದೆ."

ಚಹಾದಂಗಡಿಯವನು ಗುರುತು ಹೇಳಿದ. ಶಂಕ್ರೆಪ್ಪ ಹತ್ತು ದಿನ ಬೆಳಿಗ್ಗೆ ಬಂದು, ಬೆಂಚಿನ ಮೇಲೆ ಕುಂತು, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಗಾಡಿ ಶುಕ್ರವಾರ ಬೆಳಿಗ್ಗೆ 5.52ಕ್ಕೆ ಮನೋಳಿ ಕಡೆ ತಿರುಗಿತ್ತು. ಆಮೇಲೆ ಎಲ್ಲೂ ಇಲ್ಲ. ಆರ್‌ಟಿಒದಲ್ಲಿ ಹೆಸರು ಬದಲಾವಣೆಗೆ ಯಾರೂ ಅರ್ಜಿ ಹಾಕಿರಲಿಲ್ಲ.

16ನೇ ತಾರೀಖು ದುರ್ಗಪ್ಪ ಮನೋಳಿಗೆ ಹೋಗಿ ಶಂಕ್ರೆಪ್ಪನ ತಂಗಿ ಶೆಟ್ಟೆವ್ವಳನ್ನು ಕಂಡ.

"ಅಣ್ಣ ಎಲ್ಲಿ?"

"ಗುರುವಾರ ಹ್ವಾದಾಂವ ಬಂದಿಲ್ರಿ ಸಾಹೇಬ್ರ."

"ಫೋನು?"

"ಇಲ್ಲೇ ಬಿಟ್ಟು ಹೋಗ್ಯಾನ. ಇದ್ದಷ್ಟು ದಿನಾನೂ ಇಲ್ಲಿರಲಿಲ್ರಿ ಅಂವ. ಒಳಗ ಹಾಸಿ ಕೊಟ್ರ ಎದ್ದು ಕಟ್ಟಿ ಮ್ಯಾಲ ಕುಂದರಾಂವ. ನನ್ನ ಗಂಡ, ನಿಮ್ಮಣ್ಣಗ ನಮ್ಮ ಮನಿ ಚುಚ್ಚತೈತೇನ ಅಂತ ಕೇಳಿದ."

ದುರ್ಗಪ್ಪ ತಿರುಗಿ ಬಂದು ಅಷ್ಟನ್ನೂ ಹೇಳಿದ. ಗಾಡಿ ಬಿಡಿಭಾಗವಾಗಿ ಮಾರಿಹೋಗಿರಬಹುದು ಎಂದು ಪೂನಮ್ ಸವದತ್ತಿ, ರಾಮದುರ್ಗದ ಗುಜರಿಗಳಲ್ಲಿ ಕೇಳಿಸಿದರು. ಎಲ್ಲೂ ಸಿಗಲಿಲ್ಲ. 18ಕ್ಕೆ ಮಹಾನಂದಾಳನ್ನು ಮತ್ತೆ ಕರೆಸಿದರು.

"ಶಂಕ್ರೆಪ್ಪ ಎಂಥಾ ಮನಷ್ಯಾ?"

"ಮಾತ ಕಡಿಮಿರಿ. ಗಾಡಿ ಸ್ವಚ್ಛ ಇಡಾಂವ. ಅಮಾಸಿಗೆ ಹೊಳಿಗೆ ಒಯ್ದು ತೊಳದು ಕಾಯಿ ಒಡಿಯಾಂವ. ಒಂದು ಅಮಾಸಿ ತಪ್ಪಿಸಿಲ್ಲ. ಕೊರೋನಾದಾಗ ಗಾಡಿ ನಿಂತಾಗೂ ಒಡದಾನ."

ದುರ್ಗಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ.

"ಮೇಡಂ, ನಾಡದು ಗುರುವಾರ ಅಮಾಸಿ."

"ಕದ್ದ ಗಾಡಿ ತಗೊಂಡು ಹಗಲಿನ್ಯಾಗ ಹೊಳಿಗೆ ಬರತಾನೇನ್ರಿ?"

"ಕಳ್ಳ ಬರೂದಿಲ್ರಿ. ಡ್ರೈವರ್ ಬರತಾನ."

ನವೆಂಬರ್ 20. ಮನೋಳಿ ಹತ್ತಿರ ಮಲಪ್ರಭೆಯ ದಂಡೆಗೆ ಅಮಾವಾಸ್ಯೆಯ ಪೂಜೆಗೆಂದು ಏಳು ಗಂಟೆಯಿಂದ ಟ್ರ್ಯಾಕ್ಟರ್, ಟಂಟಂ ಆಟೋ, ಲಾರಿಗಳು ಇಳಿದವು. ಪೂನಮ್ ಮತ್ತು ದುರ್ಗಪ್ಪ ಮಫ್ತಿಯಲ್ಲಿ ಜಾಲಿಗಿಡದ ಕೆಳಗೆ ನಿಂತಿದ್ದರು. 8.10ಕ್ಕೆ ಕಬ್ಬಿನ ನಡುವಿನ ದಾರಿಯಿಂದ 4417 ಬಂತು. ನಂಬರ್ ಪ್ಲೇಟನ್ನು ಮುಚ್ಚಿರಲಿಲ್ಲ.

ಶಂಕ್ರೆಪ್ಪ ಚಪ್ಪಲಿ ಬಿಟ್ಟು ಗಾಡಿ ತೊಳೆದ. ಒಳಗಿನ ಚಾದರ ಕೊಡವಿದ. ಚಕ್ರಕ್ಕೆ ಕುಂಕುಮ ಹಚ್ಚುವಾಗ ದುರ್ಗಪ್ಪ ಹೋಗಿ ಹೆಗಲ ಮೇಲೆ ಕೈ ಇಟ್ಟ.

"ನಡಿಯಪಾ, ಆತು."

"ಕಾಯಿ ಒಂದು ಉಳದೈತ್ರಿ."

ದುರ್ಗಪ್ಪ ಪೂನಮ್ ಕಡೆ ನೋಡಿದ. ಅವರು ಹೂಂ ಎಂದು ತಲೆ ಆಡಿಸಿದರು. ಶಂಕ್ರೆಪ್ಪ ಕಾಯಿ ಒಡೆದ, ಅರ್ಧ ಹೋಳು ದುರ್ಗಪ್ಪನ ಕೈಗೇ ಕೊಟ್ಟ, ಆಮೇಲೆ ಕೀ ಕೊಟ್ಟ. ಬಂಧನದ ಸಮಯ 8.40.

ಠಾಣೆಯಲ್ಲಿ ಪರಶು, ಮಹಾನಂದಾ ಇಬ್ಬರೂ ಮೊದಲೇ ಬಂದು ಕುಳಿತಿದ್ದರು.

"ಅಕ್ಕಾರ, ಕೋರ್ಟಿನಿಂದ ಬಿಡಸ್ಕೊಂಡ ಮ್ಯಾಲ ನಮ್ಮಲ್ಲೇ ತಂದು ನಿಂದರಸ್ರಿ. ರಾಮದುರ್ಗದ ಪಾರ್ಟಿ ತಯಾರ ಅದಾರ."

ಮಹಾನಂದಾ ಎದ್ದು ಶಂಕ್ರೆಪ್ಪನ ಎದುರು ಹೋಗಿ ನಿಂತಳು.

"ನನಗ ಒಂದು ಮಾತ ಕೇಳಬಾರದಿತ್ತೇನೋ?"

"ಏನಂತ ಕೇಳ್ಲಿ ವೈನಿ? ಗಾಡಿ ನಿಮ್ದ," ಅಂದ ಶಂಕ್ರೆಪ್ಪ, ಅತ್ತಿಗೆಗೆ ಹೇಳಿದಂತೆ.

"ಮತ್ತ ಯಾಕ ಒಯ್ದಿ?" ಎಂದು ಪೂನಮ್ ಕೇಳಿದರು.

ಅವನು ನೆಲ ನೋಡುತ್ತ ಹೇಳಿದ. "ದಿನಾ ಮಂದಿ ಬರತಿದ್ರು. ಚಪ್ಪಲಿ ಹಾಕ್ಕೊಂಡ ಹಾಸಿಗಿ ಮ್ಯಾಲ ಕುಂದರತಿದ್ರು. ಒಬ್ಬಾಂವ ಮಲಗಿ ನೋಡಿದ. ಪರಶು ನಗಾಕ ಹತ್ತಿದ್ದ. ನಾ ಚಹಾದಂಗಡ್ಯಾಗ ಕುಂತಿದ್ದೆ."

"ನಿಂದೇನು ಅದರಾಗ?"

"ಅದರಾಗ ನಾ ಮಲಗತಿದ್ದೆನ್ರಿ."

"ಬಾಡಿಗಿ ಹೋದಾಗ ಅಷ್ಟ ಅಲ್ಲಾ?" ಅಂದಳು ಮಹಾನಂದಾ.

"ಇಲ್ರಿ ವೈನಿ. ಒಂಬತ್ತ ವರ್ಷ, ದಿನಾ ರಾತ್ರಿ. ಸಂದೀಪಣ್ಣಾರಿಗೆ ಗೊತ್ತಿತ್ತು."

ಅವಳಿಗೆ ಗೊತ್ತಿರಲಿಲ್ಲ. ಗಾಡಿ ನಿಲ್ಲುತ್ತಿದ್ದದ್ದು ಅವಳ ಹಿತ್ತಲಲ್ಲಿ. ಅವಳು ಬೆಂಚಿನ ಮೇಲೆ ಕುಳಿತು ಪರಶುವಿಗೆ ಹೇಳಿದಳು:

"ನಿನ್ನಲ್ಲಿ ಬಿಡೂದಿಲ್ಲ. ಮನಿ ಮುಂದ ನಿಂದರ್ಸತೇನಿ. ತಗೊಳ್ಳಾರನ್ನ ನಾನ ನೋಡಿ ಕೊಡತೇನಿ."

"ಆದ್ರ ಮಾರೂದಂತೂ ಖರೇ ಅಲ್ರಿ?"

"ಖಾನಾವಳಿ ಹಾಕಬೇಕಲ್ಲ."

ಶಂಕ್ರೆಪ್ಪ ಅದನ್ನು ಕೇಳಿಸಿಕೊಂಡ.

ದುರ್ಗಪ್ಪ ಬಂಧನ ಪತ್ರ ತುಂಬತೊಡಗಿದ. ಹೆಸರು, ತಂದೆಯ ಹೆಸರು, ವಯಸ್ಸು 46.

"ಕಾಯಂ ವಿಳಾಸ?"

ಶಂಕ್ರೆಪ್ಪ ಕಿಟಕಿಯಾಚೆ ನಿಂತಿದ್ದ ಗಾಡಿಯನ್ನು ನೋಡಿದ.

"ತಂಗಿ ಮನಿದು ಬರೀಲೇನು?"

"ಅದು ತಂಗಿ ಮನಿರಿ."

"ನಿಂದು ಹೇಳಪಾ ಹಂಗಾದ್ರ."

"ಕೆಎ-24, 4417."

ದುರ್ಗಪ್ಪ ಪೆನ್ನು ಎತ್ತಿ ಪೂನಮ್ ಕಡೆ ನೋಡಿದ. ಅದೇ ನಂಬರನ್ನು ಈಗಷ್ಟೇ ಜಪ್ತಿ ಮಾಡಿದ ಮಾಲಿನ ಕಾಲಮ್ಮಿನಲ್ಲಿ ಬರೆದಿದ್ದ.

"ಅಂವ ಏನ ಹೇಳ್ಯಾನ, ಅದನ್ನ ಬರೀರಿ," ಅಂದರು ಪೂನಮ್.